ಯಾವ ಬಾಗಿಲಲ್ಲಿ ತಡೆದರು?

ನಮ್ಮ ಎದುರುಮನೆಯ ಅಕ್ಕ ಬ್ಯಾಂಕಿನ ಕೌಂಟರಿನಲ್ಲಿ ದುಡಿದು ನಿವೃತ್ತರಾದವರು. ಕ್ಯಾಬ್ ಆ್ಯಪ್‌ಗೆ ಕಾರ್ಡ್ ಸೇರುತ್ತಿಲ್ಲ ಎಂದು ಬೀದಿಯವರು ಯಾರೇ ಬರಲಿ, ಅವರು ಫೋನಿಗೆ ಕೈ ಹಾಕುವುದಿಲ್ಲ. "ಏನಾಯ್ತು, ಮೊದಲಿಂದ ಹೇಳಿ" ಅನ್ನುತ್ತಾರೆ. ನಂಬರ್ ಒತ್ತುತ್ತಿರುವಾಗಲೇ ಕೆಂಪಕ್ಷರ ಬಂತೋ, ಒತ್ತಿ ಮುಗಿಸಿದ ಮೇಲೆ ಚಕ್ರ ಸುತ್ತಿ ಸುತ್ತಿ ನಿಂತಿತೋ, ಒಟಿಪಿ ಕೇಳಿತೋ, ಕೇಳಿಯೂ ಬರಲಿಲ್ಲವೋ. ಆ್ಯಪ್ ಹೇಳುವುದು ಒಂದೇ ಮಾತು: ಕಾರ್ಡ್ ಸೇರಿಸಲಾಗಲಿಲ್ಲ. ಆದರೆ ಕಾರ್ಡ್ ಒಳಗೆ ಹೋಗಲು ದಾಟಬೇಕಾದ ಬಾಗಿಲು ಮೂರು ನಾಲ್ಕಿವೆ. ಯಾವ ಬಾಗಿಲಲ್ಲಿ ತಡೆದರು ಎಂದು ಪತ್ತೆಹಚ್ಚುವುದೇ ಅಕ್ಕನ ವಿದ್ಯೆ. ಅದನ್ನು ಪಕ್ಕದಲ್ಲಿ ಕೂತು ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಚಿಕ್ಕಮ್ಮನಿಂದ.

ಚಿಕ್ಕಮ್ಮ ಮಂಡಿನೋವಿನ ಫಿಸಿಯೋಥೆರಪಿಗೆ ವಾರಕ್ಕೆರಡು ಸಲ ಕ್ಯಾಬಿನಲ್ಲಿ ಹೋಗಿಬರುತ್ತಾರೆ. ಇಳಿಯುವಾಗ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪರ್ಸು, ಹಿಂದೆ ಹಾರನ್ ಹೊಡೆಯುವ ಗಾಡಿಗಳು, ಸಾಲದ್ದಕ್ಕೆ ಚಿಲ್ಲರೆಯ ತಕರಾರು. ಯುಪಿಐ ಅವರಿಗೆ ಒಗ್ಗಲಿಲ್ಲ. ಕಾರ್ಡ್ ಸೇರಿಸಿಬಿಟ್ಟರೆ ಸುಮ್ಮನೆ ಇಳಿದು ಒಳಗೆ ನಡೆಯಬಹುದಲ್ಲ ಎಂದು ನಾನೇ ಮೂರು ಸಲ ಪ್ರಯತ್ನಿಸಿ ಸೋತೆ. ಅಕ್ಕ ಕೇಳಿ, "ಮೂರಾಯ್ತಾ? ಇನ್ನು ನಿಲ್ಲಿಸಿ. ಒಂದೇ ಸಮನೆ ತಪ್ಪಾದರೆ ಬ್ಯಾಂಕಿಗೆ ಕಳ್ಳರ ಮೇಲಿನ ಅನುಮಾನ ಬರುತ್ತೆ" ಅಂದರು.

ಕೊನೆಯ ಅಂಕಿ ಒತ್ತಿದ ಕೂಡಲೇ ಕೆಂಪಾಯಿತು ಎಂದೆ. ಅಕ್ಕನ ಮುಖ ಅರಳಿತು. "ಹಾಗಾದರೆ ವಿಷಯ ಇನ್ನೂ ಬ್ಯಾಂಕಿಗೆ ಹೋಗೇ ಇಲ್ಲ. ಫೋನೇ ತಡೆದಿದೆ."

ಕಾರ್ಡಿನ ನಂಬರು ಹೇಗೆಂದರೆ ಹಾಗೆ ಜೋಡಿಸಿದ ಅಂಕಿಗಳಲ್ಲ. ಶುರುವಿನ ಅಂಕಿಗಳು ಜಾತಕ ಹೇಳುತ್ತವೆ: 4 ಬಂದರೆ ವೀಸಾ, 51ರಿಂದ 55ರವರೆಗೆ ಬಂದರೆ ಮಾಸ್ಟರ್‌ಕಾರ್ಡ್. ಅದಕ್ಕೇ ನಾವು ಅರ್ಧ ಒತ್ತುವಷ್ಟರಲ್ಲಿ ಪಕ್ಕದಲ್ಲಿ ಆ ಕಂಪನಿಯ ಗುರುತು ಮೂಡುವುದು. ಕೊನೆಯ ಅಂಕಿ ಕಾವಲುಗಾರ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬಾತ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1960ರಲ್ಲಿ ಪಡೆದ ಒಂದು ಸರಳ ಲೆಕ್ಕ ಅದರ ಹಿಂದಿದೆ. ಹದಿನಾರು ಅಂಕಿಯ ಕಾರ್ಡಿನಲ್ಲಿ ಮೊದಲನೆಯದು, ಮೂರನೆಯದು, ಐದನೆಯದು ಹೀಗೆ ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಬೇಕು. ಗುಣಲಬ್ಧ ಎರಡಂಕಿ ಆದರೆ ಆ ಎರಡನ್ನೂ ಕೂಡಿ ಒಂದಂಕಿ ಮಾಡಬೇಕು. ಉಳಿದವನ್ನು ಇದ್ದಂತೆಯೇ ಇಟ್ಟು ಎಲ್ಲ ಕೂಡಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ಸಾಫ್ಟ್‌ವೇರ್ ಬರೆಯುವವರು ಪರೀಕ್ಷೆಗೆಂದೇ ಬಳಸುವ ಒಂದು ನಂಬರಿದೆ: 4, ಅದರ ಹಿಂದೆ ಹದಿನೈದು ಒಂದುಗಳು. ಕೂಡಿ ನೋಡಿ, 30 ಬರುತ್ತದೆ. ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಹಿಡಿದುಬಿಡುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿಯುತ್ತದೆ. 0 ಮತ್ತು 9ರ ಜೋಡಿ ಮಾತ್ರ ತಪ್ಪಿಸಿಕೊಳ್ಳುತ್ತದೆ.

ಚಿಕ್ಕಮ್ಮನ ಕಾರ್ಡು ಪರ್ಸಿನಲ್ಲಿ ಉಜ್ಜಿ ಉಜ್ಜಿ ಮಾಸಿತ್ತು. ಹನ್ನೊಂದನೆಯ ಅಂಕಿ ಅರ್ಧ ಅಳಿಸಿ ನನ್ನ ಕಣ್ಣಿಗೆ 3 ಅನ್ನಿಸಿತ್ತು. ಅಕ್ಕ ಕಾರ್ಡನ್ನು ಮುಟ್ಟಲಿಲ್ಲ, ಅದರತ್ತ ನೋಡಲೂ ಇಲ್ಲ. ಚಿಕ್ಕಮ್ಮನ ಕೈಗೆ ಪೆನ್ಸಿಲು, ಹಳೆಯ ಲಗ್ನಪತ್ರಿಕೆಯ ಹಿಂಭಾಗ ಕೊಟ್ಟು ಲೆಕ್ಕದ ದಾರಿಯನ್ನಷ್ಟೇ ಹೇಳುತ್ತಾ ಹೋದರು. ಮಾಸಿದ ಅಂಕಿ ಬಿಟ್ಟು ಮಿಕ್ಕ ಹದಿನೈದರ ಮೊತ್ತ 63 ಬಂತು. ಎಪ್ಪತ್ತಾಗಲು ಏಳು ಬೇಕು. ಅದು ಗುಣಿಸಬೇಕಾದ ಸ್ಥಾನ. 3 ಆದರೆ ಆರು ಬರುತ್ತದೆ, ಸಾಲದು. 8 ಆದರೆ ಹದಿನಾರು, ಒಂದೂ ಆರೂ ಏಳು. "ಎಂಟು ಕಣಮ್ಮಾ!" ಎಂದು ಚಿಕ್ಕಮ್ಮ ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ಅಳಿಸಿಹೋದ ಅಂಕಿಯನ್ನು ಉಳಿದ ಅಂಕಿಗಳೇ ಹೇಳಿಕೊಟ್ಟವು. ಇಷ್ಟು ಚೆಂದದ ಕೂಡುವ ಲೆಕ್ಕವನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ.

ನಂಬರು ಹಸಿರಾಯಿತು. ಚಕ್ರ ಸುತ್ತಿತು. ಒಟಿಪಿಯ ಪುಟವೇ ಬಾರದೆ ಮತ್ತೆ ಅದೇ ಮಾತು.

"ಎರಡನೇ ಬಾಗಿಲು" ಅಂದರು ಅಕ್ಕ. "ಈ ಕಾರ್ಡನ್ನ ಯಾವತ್ತಾದರೂ ಆನ್‌ಲೈನಲ್ಲಿ ಬಳಸಿದೀರಾ?" ಇಲ್ಲ, ಎಟಿಎಂ ಮತ್ತು ದಿನಸಿ ಅಂಗಡಿ ಮಾತ್ರ. ಅಲ್ಲೇ ಉತ್ತರವಿತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದಂತೆ, ಹೊಸದಾಗಿ ಕೊಡುವ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರದಲ್ಲಷ್ಟೇ ನಡೆಯುತ್ತದೆ. ಆನ್‌ಲೈನ್ ಬೇಕೆಂದರೆ ಕಾರ್ಡಿನವರೇ ಕೇಳಿ ತೆರೆಸಿಕೊಳ್ಳಬೇಕು. ಆವರೆಗೆ ಆನ್‌ಲೈನಿನಲ್ಲಿ ಒಮ್ಮೆಯೂ ಬಳಸದ ಹಳೆಯ ಕಾರ್ಡುಗಳಿಗೂ ಆ ದಾರಿ ಮುಚ್ಚಿತು. ನಿನ್ನೆ ಎಟಿಎಂನಲ್ಲಿ ದುಡ್ಡು ಕೊಟ್ಟ ಕಾರ್ಡು ಇವತ್ತು ಕ್ಯಾಬಿಗೆ ಒಲ್ಲೆ ಅನ್ನುವುದು ಹೀಗೆ. ನಾನು ಆ್ಯಪನ್ನು ಬೈದದ್ದು, ಅಳಿಸಿ ಮತ್ತೆ ಹಾಕಿದ್ದು, ಎಲ್ಲ ದಂಡ. ಚಿಕ್ಕಮ್ಮ ಬ್ಯಾಂಕಿನದೇ ಆ್ಯಪ್ ತೆರೆದು ದೇಶದೊಳಗಿನ ಆನ್‌ಲೈನ್ ಸ್ವಿಚ್ಚನ್ನು ಹಾಕಿದರು. ಅದರ ಕೆಳಗೆ ಮಿತಿ ಸೊನ್ನೆ ಎಂದಿತ್ತು. ಅದನ್ನು ನೋಡಿಸಿದ್ದೂ ಅಕ್ಕನೇ. ಸ್ವಿಚ್ ಹಾಕಿ ಮಿತಿ ಮರೆಯುವವರು ಬಹಳ ಮಂದಿಯಂತೆ. ವಿದೇಶದ ಸ್ವಿಚ್ಚಿಗೆ ಮಾತ್ರ ಕೈ ಹಚ್ಚಗೊಡಲಿಲ್ಲ.

ಒಟಿಪಿಯ ಬಾಗಿಲಿನಲ್ಲಿ ಚಿಕ್ಕಮ್ಮನಿಗೆ ತೊಂದರೆಯಾಗಲಿಲ್ಲ. ಹಿಂದೊಮ್ಮೆ ಪಕ್ಕದ ಬೀದಿಯ ಮೇಷ್ಟ್ರು ಒಟಿಪಿಗಾಗಿ ಅರ್ಧ ಗಂಟೆ ಕಾದಿದ್ದರು. ಅದು ಹುಬ್ಬಳ್ಳಿಯಲ್ಲಿದ್ದ ಮಗನ ಫೋನಿಗೆ ಹೋಗಿ ಬೀಳುತ್ತಿತ್ತು. ಆ್ಯಪ್ ಇರುವ ಫೋನಿಗಲ್ಲ, ಬ್ಯಾಂಕಿನಲ್ಲಿ ಬರೆಸಿದ ನಂಬರಿಗೆ ಅದು ಬರುವುದು. ಒಟಿಪಿ ಬಂದಾಗ ಅಕ್ಕ ಕಿಟಕಿಯ ಕಡೆ ತಿರುಗಿಕೊಂಡರು. ಕಸ್ಟಮರ್ ಕೇರ್ ಎಂದು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಿ ಖಾತೆ ಬರಿದು ಮಾಡಿಕೊಂಡವರನ್ನು ಅವರು ಕೌಂಟರಿನಾಚೆ ಕಂಡಿದ್ದಾರೆ. ಕಾರ್ಡಿನ ಹಿಂದೆ ಬರೆದಿರುವ ನಂಬರು ಬಿಟ್ಟು ಬೇರೆಯದಕ್ಕೆ ಕರೆ ಮಾಡಬಾರದು ಎನ್ನುವಾಗ ಅವರ ದನಿ ಗಡುಸಾಗುತ್ತದೆ.

ಕಾರ್ಡು ಸೇರಿತು. ಪರದೆಯ ಮೇಲೆ ಕೊನೆಯ ನಾಲ್ಕು ಅಂಕಿ ಮಾತ್ರ. "ಮಿಕ್ಕ ಹನ್ನೆರಡು ಎಲ್ಲಿ ಹೋದವು? ಅಷ್ಟು ಕಷ್ಟಪಟ್ಟು ಹುಡುಕಿದ ಎಂಟು?" ಚಿಕ್ಕಮ್ಮನ ಪ್ರಶ್ನೆ ನ್ಯಾಯವಾದದ್ದೇ. 2022ರ ಅಕ್ಟೋಬರ್ 1ರಿಂದ ಅಂಗಡಿಯಾಗಲಿ ಆ್ಯಪ್ ಆಗಲಿ ಪೂರ್ತಿ ನಂಬರನ್ನು ಇಟ್ಟುಕೊಳ್ಳುವಂತಿಲ್ಲ. ಗುರುತಿಗೆ ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು ಸಾಕು. ನಂಬರಿನ ಬದಲು ಟೋಕನ್ ಎಂಬ ಬೇರೆಯೇ ಸಂಖ್ಯೆ ಹುಟ್ಟುತ್ತದೆ. ಅದು ಈ ಕಾರ್ಡಿಗೆ, ಈ ಆ್ಯಪಿಗೆ ಮಾತ್ರ ಸಲ್ಲುತ್ತದೆ. ಕದ್ದವನು ಇನ್ನೊಂದು ಅಂಗಡಿಗೆ ಒಯ್ದರೆ ನಡೆಯದು. ಒಟಿಪಿ ಕೊಟ್ಟು ನಾವು ಒಪ್ಪಿದ್ದು ಅದಕ್ಕೇ.

"ಹೊಸ ಕಾರ್ಡ್ ಬಂದಾಗ ಮತ್ತೆ ಒಪ್ಪಿಗೆ ಕೊಡಬೇಕು, ಆಗ ಗಾಬರಿಯಾಗಬೇಡಿ" ಎಂದು ಅಕ್ಕ ಕಾರ್ಡಿನ ಮೇಲಿನ ತಿಂಗಳು, ವರ್ಷ ಓದಿಸಿದರು. ಚಿಕ್ಕಮ್ಮ ಗುರುತು ಹಾಕಲು ಕ್ಯಾಲೆಂಡರಿನ ಹತ್ತಿರ ಹೋದರು. ಆ ವರ್ಷದ ಕ್ಯಾಲೆಂಡರ್ ಇನ್ನೂ ಅಚ್ಚಾಗಿಲ್ಲ. ಹಾಲಿನ ಲೆಕ್ಕ ಬರೆಯುವ ಬೀರುವಿನ ಬಾಗಿಲ ಒಳಮೈಯಲ್ಲಿ ಅದೇ ಪೆನ್ಸಿಲಿನಿಂದ ಬರೆದುಕೊಂಡು, ಲಗ್ನಪತ್ರಿಕೆಯನ್ನು ಚೂರುಚೂರು ಮಾಡಿ ನೀರೊಲೆಗೆ ಹಾಕಿದರು.