ಹುಲ್ಲಿನ ಪೆಂಡಿಯೊಳಗೆ ಆಲೂಗಡ್ಡೆ

ಅಮೆರಿಕದ ಮಿನೆಸೋಟದಲ್ಲಿ ಏಪ್ರಿಲ್ ಕೊನೆ. ಹಿಮ ಕರಗಿದ್ದರೂ ನೆಲದ ಚಳಿ ಬಿಟ್ಟಿಲ್ಲ; ಕಾಲಿಟ್ಟರೆ ಕೆಸರು, ಬೀಜ ಹಾಕಿದರೆ ಕೊಳೆಯುತ್ತದೆ. ಹಿತ್ತಲಿನ ಬೇಲಿಯುದ್ದಕ್ಕೂ ಗೋಧಿ ಹುಲ್ಲಿನ ಪೆಂಡಿಗಳು ರೈಲು ಡಬ್ಬಿಗಳ ಹಾಗೆ ಸಾಲಾಗಿ ಕೂತಿವೆ. ಒಂದೊಂದೂ ಸುಮಾರು 3 ಅಡಿ ಉದ್ದ, ಒಂದೂವರೆ ಅಡಿ ಅಗಲ. ಹುರಿ ಪಕ್ಕಕ್ಕೆ, ಹುಲ್ಲಿನ ಕತ್ತರಿಸಿದ ತುದಿ ಮೇಲಕ್ಕೆ. ಹಾಗಿಟ್ಟರೇ ನೀರು ಒಳಗಿಳಿಯುವುದು.

ಪೆಂಡಿಯನ್ನು ಮೊದಲು ಹದ ಮಾಡಬೇಕು. ಸುಮಾರು ಎರಡು ವಾರ ದಿನಾ ನೀರು, ನಡುನಡುವೆ ಯೂರಿಯಾದಂಥ ಸಾರಜನಕ ಗೊಬ್ಬರ. ಕೆಲವೇ ದಿನಗಳಲ್ಲಿ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ. ಒಳಗೆ ಕೈ ತೂರಿಸಿದರೆ ಚುರುಕ್ಕೆನ್ನುವ ಶಾಖ. 50 ಡಿಗ್ರಿ ದಾಟುವುದೂ ಉಂಟು. ಒದ್ದೆ ಹುಲ್ಲಿನ ಬಣವೆ ಒಟ್ಟಿ ಪೇಚಾಡಿದ ನಮ್ಮ ರೈತರಿಗೆ ಈ ಬಿಸಿ ಹೊಸದೇನಲ್ಲ. ಮೇಲೆ ಬೂದುಬಣ್ಣದ ಅಣಬೆಗಳು ಎದ್ದು, ನೋಡನೋಡುತ್ತ ಕಪ್ಪು ನೀರಾಗಿ ಇಳಿದುಹೋಗುತ್ತವೆ. ಕೆಲಸ ಸರಿಯಾಗಿ ನಡೆದಿದೆ ಎನ್ನುವುದಕ್ಕೆ ಅದೇ ಗುರುತು. ಕಾವು ಇಳಿದು ಉಗುರುಬೆಚ್ಚಗಾದ ಮೇಲೆ ಬಿತ್ತನೆ.

ಕಣ್ಣಿರುವ ಆಲೂಗಡ್ಡೆ ಹೋಳನ್ನು ಹುಲ್ಲು ಸರಿಸಿ ಆಳಕ್ಕೆ ಇಳಿಸಿದರಾಯಿತು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳ ಸಣ್ಣ ಬೀಜ ಹುಲ್ಲಿನ ಸಂದಿಯಲ್ಲಿ ಕಳೆದುಹೋಗುವುದರಿಂದ ಮೇಲೆ ಎರಡಂಗುಲ ಮಣ್ಣು, ಗೊಬ್ಬರ ಹರಡಿ ಬಿತ್ತುತ್ತಾರೆ. ಒಳಗೆ ಕಲ್ಲಿಲ್ಲ, ಹೆಂಟೆಯಿಲ್ಲ; ಬೇರು ಕವಲೊಡೆಯುವ ಕಾಟ ಕಡಿಮೆ. ಆದರೆ ಪೆಂಡಿಗೆ ಬಾಯಾರಿಕೆ ಜಾಸ್ತಿ. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಎಲೆ ಜೋಲುತ್ತದೆ. ಗೋಧಿಗೆ ಹೊಡೆದ ಕೆಲವು ಕಳೆನಾಶಕಗಳು ಹುಲ್ಲಿನಲ್ಲೇ ಉಳಿದಿದ್ದರಂತೂ ಗಿಡ ಮುರುಟಿಕೊಂಡು ಶ್ರಮವೆಲ್ಲ ನೀರಪಾಲು.

ಈ ವಿಧಾನವನ್ನು ಮನೆಮಾತಾಗಿಸಿದವರು ಇದೇ ಮಿನೆಸೋಟದ ಜೋಯೆಲ್ ಕಾರ್ಸ್ಟನ್. ರೈತರ ಮನೆಯಲ್ಲಿ ಬೆಳೆದ ಅವರು ಹುರಿ ಕಿತ್ತು ಮೂಲೆ ಸೇರಿದ ಪೆಂಡಿಗಳ ಮೇಲೆ ಕಳೆ ಹುಲುಸಾಗಿ ಬೆಳೆಯುವುದನ್ನು ಹುಡುಗನಾಗಿದ್ದಾಗಲೇ ಕಂಡಿದ್ದರು. 2013ರಲ್ಲಿ ಬಂದ ಅವರ ಪುಸ್ತಕ ಹಲವು ದೇಶಗಳ ಹಿತ್ತಲುಗಳಿಗೆ ಈ ಪೆಂಡಿಯನ್ನು ಕೊಂಡೊಯ್ದಿತು.

ಸೆಪ್ಟೆಂಬರ್ ಹೊತ್ತಿಗೆ ಪೆಂಡಿ ಅರ್ಧ ಕುಸಿದು ಕಪ್ಪಾಗಿರುತ್ತದೆ. ಅಗೆಯಲು ಗುದ್ದಲಿ ಬೇಡ. ಹುರಿ ಕೊಯ್ದರೆ ಪೆಂಡಿ ಬಾಯ್ಬಿಟ್ಟು ಆಲೂಗಡ್ಡೆ ಹೊರಗುರುಳುತ್ತದೆ. ಮೈಗೆ ಮಣ್ಣಿಲ್ಲ, ಅಲ್ಲಲ್ಲಿ ಒಂದೆರಡು ಹುಲ್ಲಿನ ಎಳೆ ಅಷ್ಟೆ. ತೆಳು ಸಿಪ್ಪೆ ಹೆಬ್ಬೆರಳಿಗೇ ಸುಲಿಯುತ್ತದೆ. ಉಳಿದ ಹುಲ್ಲು ಮುಂದಿನ ವರ್ಷದ ಗೊಬ್ಬರ.

ನಮ್ಮಲ್ಲಿ ಇದನ್ನು ಹಾಗೇ ನಕಲು ಮಾಡುವುದು ಸಲ್ಲ. ಅಲ್ಲಿ ಗೋಧಿ ಹುಲ್ಲು ಹೆಚ್ಚಾಗಿ ದನದ ಹಾಸಿಗೆ. ಮಂಡ್ಯದಲ್ಲಿ ಭತ್ತದ ಹುಲ್ಲು ದನದ ಊಟ. ಒಳ್ಳೆಯ ಹುಲ್ಲನ್ನು ತರಕಾರಿಗೆ ಕೊಳೆಸಿದರೆ ಮನೆಯ ಹಿರಿಯರು ಬೈಯದೆ ಬಿಡರು; ಬೈಯುವುದೇ ಸರಿ. ಆದರೆ ಮಳೆಗೆ ನೆಂದು ಬೂಸ್ಟು ಹಿಡಿದು ದನವೂ ಮೂಸದ ಪೆಂಡಿಯೊಂದು ಕೊಟ್ಟಿಗೆಯ ಮೂಲೆಯಲ್ಲಿದ್ದರೆ ಎಸೆಯಬೇಡಿ. ತಾರಸಿಗೆ ಹೊರುವ ಮುನ್ನ ಮಾತ್ರ ಯೋಚಿಸಿ, ನೆಂದ ಪೆಂಡಿಯ ತೂಕ ಹಲವು ಪಟ್ಟು ಏರುತ್ತದೆ. ಯೂರಿಯಾ ಹಾಕಿದ ಹುಲ್ಲಿಗೆ ದನ ಬಾಯಿ ಹಾಕದಂತೆ ಬೇಲಿ ಕಟ್ಟಿ, ಮೊದಲ ಸಲಕ್ಕೆ ಮೂಲಂಗಿ ಬಿತ್ತಿ ನೋಡಿ.