ಅಳದ ಮಗುವಿಗೆ ನೋವಿಲ್ಲವೆ?

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಗಲಾಟೆ ಮಾಡುವವರ ಬಗ್ಗೆ ಆ ಸಿಸ್ಟರ್‌ಗೆ ಅಷ್ಟೇನೂ ಚಿಂತೆಯಿಲ್ಲ. ಸೂಜಿ ಕಂಡರೆ ಕಿರುಚುವವರು, ಡ್ರಿಪ್ ಸ್ಟ್ಯಾಂಡನ್ನೇ ಬಸ್ಸು ಮಾಡಿಕೊಂಡು ಓಡಿಸುವವರು, ಊಟ ಬೇಡವೆಂದು ತಟ್ಟೆ ತಳ್ಳುವವರು, ಇವರೆಲ್ಲ ಪರವಾಗಿಲ್ಲ. ಅವರ ಕಣ್ಣು ಹೋಗುವುದು ಗೋಡೆಯ ಕಡೆ ತಿರುಗಿ ಸುಮ್ಮನೆ ಮಲಗಿದವರ ಮೇಲೆ. ‘ನಮ್ ಹುಡುಗ ಭಾಳ ಶಾಣ್ಯಾ ಅದಾನ್ರಿ ಸಿಸ್ಟರ್, ಒಟ್ಟ ಅಳೂದಿಲ್ಲ’ ಎಂದು ಸಿಂಧನೂರು ಕಡೆಯ ತಾಯಿಯೊಬ್ಬರು ಹೆಮ್ಮೆಯಿಂದ ಹೇಳಿದಾಗ, ಸಿಸ್ಟರ್ ಮಾತಾಡದೆ ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತರು.

ನೋವು ದಿನಗಟ್ಟಲೆ ಬಿಡದೆ ಕಾಡಿದರೆ ಮಗು ಅಳುವುದನ್ನೇ ಬಿಡುತ್ತದೆ. ಆಟ ಬಿಡುತ್ತದೆ, ಮಾತು ಬಿಡುತ್ತದೆ, ಅಲುಗಿದರೆ ಹೆಚ್ಚಾದೀತೆಂದು ಕೊರಡಿನಂತೆ ಬಿದ್ದುಕೊಳ್ಳುತ್ತದೆ. ಮನೆಯವರಿಗೆ ಅದು ಜಾಣತನವಾಗಿ ಕಾಣುತ್ತದೆ.

ಸಿಸ್ಟರ್ ಜೇಬಿನಿಂದ ತೆಗೆದದ್ದು ಲ್ಯಾಮಿನೇಟ್ ಮಾಡಿಸಿದ, ಅಂಚು ಸವೆದ ಒಂದು ಕಾರ್ಡು. ಅದರಲ್ಲಿ ಆರು ಮುಖಗಳು. ಮೊದಲನೆಯದು ನಗುತ್ತದೆ, ಕೊನೆಯದರ ಕಣ್ಣಲ್ಲಿ ನೀರು. ಅಮೆರಿಕದ ಓಕ್ಲಹೋಮಾದ ಟಲ್ಸಾದಲ್ಲಿ ಸುಟ್ಟಗಾಯದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಡೊನಾ ವಾಂಗ್ ಮತ್ತು ಕಾನಿ ಬೇಕರ್ 1980ರ ದಶಕದಲ್ಲಿ ರೂಪಿಸಿದ ಅಳತೆಗೋಲು ಇದು. ಮೂರು ವರ್ಷ ದಾಟಿದ ಮಗು ಬೆರಳಿಟ್ಟು ತೋರಿಸಿದರೆ ಸಾಕು, ಅಂಕಿ ಗೊತ್ತಿರಬೇಕಿಲ್ಲ. ಇದನ್ನು ಬಳಸುವವರಿಗೆ ಒಂದು ಸೂಚನೆ ಇದೆ: ಕೊನೆಯ ಮುಖವನ್ನು ಆರಿಸಲು ಮಗು ಅಳುತ್ತಿರಬೇಕೆಂದೇನೂ ಇಲ್ಲ. ಮಗುವಿಗೆ ವಿವರಿಸುವಾಗ ಇದನ್ನು ಹೇಳಲೇಬೇಕು.

ಹುಡುಗ ನಗುವ ಮುಖದ ಮೇಲೆ ಬೆರಳಿಟ್ಟ. ಸಿಸ್ಟರ್ ನಂಬಲಿಲ್ಲ. ‘ಸೂಜಿ ಇಲ್ಲ ಕಣಪ್ಪಾ, ಬಾಯಿಗೆ ಹಾಕೋ ಔಷಧಿ ಅಷ್ಟೇ’ ಎಂದರು. ಬೆರಳು ಮೆಲ್ಲಗೆ ಸರಿದು ಐದನೆಯ ಮುಖದ ಮೇಲೆ ನಿಂತಿತು. ಇಂಜೆಕ್ಷನ್ನಿನ ಹೆದರಿಕೆಗೆ ನೋವನ್ನು ನುಂಗಿಕೊಳ್ಳುವ ಮಕ್ಕಳು ಬೇಕಾದಷ್ಟಿದ್ದಾರಂತೆ. ನೋವು, ಯಾತನೆ ತಗ್ಗಿಸುವ ಉಪಶಾಮಕ ಆರೈಕೆಯ ಬಗ್ಗೆ ನಾಲ್ಕು ವಿಷಯ ತಿಳಿದುಕೊಂಡು ಬರೋಣ ಎಂದು ಹೋದ ನನ್ನ ನೋಟ್‌ಬುಕ್ಕಿನ ಅರ್ಧ ಭಾಗ ಈ ಕಾರ್ಡಿನ ವಿಷಯಕ್ಕೇ ಮುಗಿಯಿತು.

ಮಾತು ಬಾರದ ಕೂಸುಗಳಾದರೆ ಮುಖ, ಕಾಲು, ಚಲನೆ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೋ ಇಲ್ಲವೋ ಎಂಬ ಐದನ್ನು ನೋಡಿ ಅಂಕ ಹಾಕುತ್ತಾರೆ. ಇಷ್ಟಾದರೂ ಬಂದದ್ದು ಇತ್ತೀಚೆಗೆ. ಎಳೆಗೂಸಿಗೆ ನೋವು ಗೊತ್ತಾಗುವುದಿಲ್ಲ, ಅರಿವಳಿಕೆಯನ್ನು ಅದು ತಾಳಿಕೊಳ್ಳುವುದೂ ಇಲ್ಲ ಎಂದು ವೈದ್ಯಲೋಕವೇ ನಂಬಿದ್ದ ಕಾಲವೊಂದಿತ್ತು. ನಾಮಕಾವಸ್ತೆ ಅರಿವಳಿಕೆಯಲ್ಲೇ ಶಸ್ತ್ರಚಿಕಿತ್ಸೆಗಳು ನಡೆಯುತ್ತಿದ್ದವು. ಅದು ತಪ್ಪೆಂದು 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಪುರಾವೆ ಸಮೇತ ತೋರಿಸಿದವರು ಕನ್ವಲ್‌ಜೀತ್ ಆನಂದ್. ಭಾರತದಲ್ಲಿ ಓದಿ ಅಲ್ಲಿಗೆ ಹೋದ ವೈದ್ಯರು.

ಅದೇ ಆಕ್ಸ್‌ಫರ್ಡ್‌ನಲ್ಲಿ ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಉಪಶಾಮಕ ಆರೈಕೆಗೆಂದೇ ಇರುವ ಜಗತ್ತಿನ ಮೊದಲ ಮಕ್ಕಳ ಹಾಸ್ಪಿಸ್ ‘ಹೆಲೆನ್ ಹೌಸ್’ ತೆರೆದಿತ್ತು. ನರ್ಸ್ ಆಗಿದ್ದು ಸನ್ಯಾಸಿನಿಯಾದ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ, ಮೆದುಳಿನ ಗಡ್ಡೆಯಿಂದ ಹಾಸಿಗೆ ಹಿಡಿದ ಹೆಲೆನ್ ಎಂಬ ಪುಟ್ಟ ಹುಡುಗಿಯನ್ನು ಆಗೀಗ ತಮ್ಮ ಮಠಕ್ಕೆ ಕರೆದೊಯ್ದು ನೋಡಿಕೊಳ್ಳುತ್ತಿದ್ದರು, ಹೆತ್ತವರು ನಾಲ್ಕು ದಿನ ಉಸಿರಾಡಲಿ ಎಂದು. ಹಾಸ್ಪಿಸ್ ಹುಟ್ಟಿದ್ದು ಹಾಗೆ. ಉಪಶಾಮಕ ಆರೈಕೆ ಕೊನೆಯುಸಿರಿನ ವಾರಕ್ಕಷ್ಟೇ ಅಲ್ಲ. ಸ್ನಾಯುಕ್ಷಯ, ತೀವ್ರ ಸೆರೆಬ್ರಲ್ ಪಾಲ್ಸಿ, ಹುಟ್ಟಿನಿಂದಲೇ ಬಂದ ಹೃದ್ರೋಗ, ಇಂಥ ಮಕ್ಕಳಿಗೆ ವರ್ಷಾನುಗಟ್ಟಲೆ, ಚಿಕಿತ್ಸೆಯ ಜೊತೆಜೊತೆಗೇ ನಡೆಯಬೇಕಾದ ಆರೈಕೆ.

ಇಂಥ ಆರೈಕೆ ಎಲ್ಲರಿಗೂ ಸಿಗದಿರುವುದಕ್ಕೆ ನೋವಿನ ಔಷಧಿ ದುಬಾರಿ ಎಂಬುದು ಕಾರಣವಿರಬೇಕು ಅಂದುಕೊಂಡರೆ ಅದೂ ಅಲ್ಲ. ಮಾರ್ಫಿನ್ ಮಾತ್ರೆ ಅಗ್ಗ. ಮಕ್ಕಳಿಗೆ ಬೇಕಾದ ಸಿರಪ್ ಮಾತ್ರ ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ಸಿಸ್ಟರ್ ಆ ತಾಯಿಗೆ ಎರಡು ಚಮಚದ ನಡುವೆ ಮಾತ್ರೆಯನ್ನು ಪುಡಿ ಮಾಡುವುದನ್ನು ತೋರಿಸಿದರು. 10 ಮಿಲಿಗ್ರಾಂ ಮಾತ್ರೆ, 10 ಎಂ.ಎಲ್. ನೀರು. ಅಲ್ಲಿಗೆ ಸಿರಿಂಜಿನ ಒಂದೊಂದು ಗೆರೆಗೂ ಲೆಕ್ಕ ಸಿಕ್ಕಿತು. ತೂಕ ನೋಡಿ ಡಾಕ್ಟರು ಬರೆದಷ್ಟನ್ನೇ ಎಳೆದು ಕೆನ್ನೆಯ ಒಳಗೆ ಬಿಡಬೇಕು, ನಾಲ್ಕು ಗಂಟೆಗೊಮ್ಮೆ, ನೋವು ಬರಲೆಂದು ಕಾಯದೆ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಪುಡಿ ಮಾಡುವಂತಿಲ್ಲ. ಕಹಿಗೆ ಚೂರು ಬೆಲ್ಲ, ಮಲಬದ್ಧತೆಗೆ ಇನ್ನೊಂದು ಔಷಧಿ ತಪ್ಪದೆ. ‘ಇದು ಚಟ ಹತ್ತಂಗಿಲ್ಲೇನ್ರಿ?’ ಎಂದು ಆಕೆ ಕೇಳಿದರು. ‘ಲೆಕ್ಕ ಹಾಕಿ ನೋವಿಗೆ ಕೊಟ್ರೆ ಹತ್ತಲ್ಲ ಅಮ್ಮಾ. ನೋವು ಕಮ್ಮಿಯಾದ್ರೆ ಡಾಕ್ಟ್ರೇ ಮೆಲ್ಲಗೆ ಇಳಿಸ್ತಾರೆ. ನೀವಾಗೇ ಒಂದೇ ಸಲ ನಿಲ್ಲಿಸ್ಬೇಡಿ’ ಎಂದರು ಸಿಸ್ಟರ್.

ಆ ತಾಯಿಯ ಹೆದರಿಕೆಯನ್ನೇ ಸರ್ಕಾರವೂ ಪಟ್ಟಿತ್ತು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಯ ಕಾಟಕ್ಕೆ ಬೇಸತ್ತು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶ ಬಳಸಿದ್ದು 18 ಕಿಲೊ. ನೀಮಚ್, ಘಾಜಿಪುರಗಳ ಸರ್ಕಾರಿ ಕಾರ್ಖಾನೆಗಳಿಂದ ಪರದೇಶಗಳಿಗೆ ಅಫೀಮು ರಫ್ತು ಮಾಡುವ ದೇಶದ ಕಥೆ ಇದು! 2014ರ ತಿದ್ದುಪಡಿ ಕಾನೂನನ್ನು ಸಡಿಲಿಸಿತು. ಹೆದರಿಕೆ ಮಾತ್ರ ಹಾಗೇ ಉಳಿಯಿತು. 2017ರ ಲ್ಯಾನ್ಸೆಟ್ ಆಯೋಗದ ವರದಿಯ ಪ್ರಕಾರ ಈ ಬಗೆಯ ನೋವಿನ ಔಷಧಿಯ ಅಗತ್ಯದಲ್ಲಿ ಭಾರತದಲ್ಲಿ ಆಗ ಪೂರೈಕೆಯಾಗುತ್ತಿದ್ದುದು ಶೇ 4ರಷ್ಟು. ಪ್ರತಿ ವರ್ಷ ತೀವ್ರ ಯಾತನೆಯಲ್ಲಿ ಸಾಯುವ ಸುಮಾರು 25 ಲಕ್ಷ ಮಕ್ಕಳಲ್ಲಿ ಶೇ 98ಕ್ಕೂ ಹೆಚ್ಚಿನವರು ಬಡ ಮತ್ತು ಅಭಿವೃದ್ಧಿಶೀಲ ದೇಶಗಳವರು ಎಂದೂ ಅದೇ ವರದಿ ಹೇಳಿತು.

ಕೆಲಸ ನಡೆದೇ ಇಲ್ಲವೆಂದಲ್ಲ. ಹೈದರಾಬಾದಿನ ಎಂಎನ್‌ಜೆ ಆಸ್ಪತ್ರೆಯಲ್ಲಿ ಡಾ. ಗಾಯತ್ರಿ ಪಾಲಟ್ ಮಕ್ಕಳಿಗಾಗಿಯೇ ಈ ಆರೈಕೆಯನ್ನು ಕಟ್ಟಿದರು. ಮುಂಬೈಯಲ್ಲಿ ಮಕ್ಕಳ ಹಾಸ್ಪಿಸ್ ಹ್ಯಾಪಿ ಫೀಟ್ ಹೋಮ್ ಇದೆ. ಕೇರಳ 2008ರಲ್ಲೇ ನೀತಿ ರೂಪಿಸಿ ಮನೆಮನೆಗೆ ನರ್ಸ್‌ಗಳನ್ನು ಕಳಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಕಾಸಿಲ್ಲದೆ ಆಸರೆ ಕೊಡುತ್ತಿದೆ. ಇವೆಲ್ಲ ಹೆಚ್ಚುಕಡಿಮೆ ಪಟ್ಟಣದ ಕಥೆಗಳು, ಕೇರಳದ್ದೊಂದನ್ನು ಬಿಟ್ಟರೆ.

ಸಿಂಧನೂರಿನ ಹುಡುಗ ಎರಡನೇ ದಿನ ಎದ್ದು ಕೂತು ಮೊಸರನ್ನ ಕೇಳಿದ. ಮೂರನೇ ದಿನ ಪಕ್ಕದ ಮಂಚದವನ ಜೊತೆ ಪೆನ್ಸಿಲ್‌ಗಾಗಿ ಜಗಳವಾಡಿದ. ಊರಿಗೆ ಹೊರಡುವಾಗ ಎರಡು ವಾರಕ್ಕಾಗುವಷ್ಟು ಮಾತ್ರೆ ಕೊಟ್ಟರು. ಮುಗಿದ ಮೇಲೆ ಅವರ ಕಡೆ ಎಲ್ಲಿ ಸಿಗುತ್ತದೆಂದು ಸಿಸ್ಟರ್ ಫೋನಿನಲ್ಲಿ ವಿಚಾರಿಸುತ್ತಲೇ ಇದ್ದರು. ಎಲ್ಲೂ ಸಿಗದಿದ್ದರೆ ಹುಡುಗನ ಮಾವ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರಬೇಕು, ಅಂದಿನ ಕೂಲಿ ಬಿಟ್ಟು, ಒಂದು ಸ್ಟ್ರಿಪ್ ಮಾತ್ರೆಗಾಗಿ.