ಆಟಿ ತಿಂಗಳ ಅಡಿಗೆ

ಮಳೆಗಾಲ ಹಿಡಿಯಿತೆಂದರೆ ನಮ್ಮ ವಾಚನಾಲಯದಲ್ಲಿ ಮಾತು ಪತ್ರಿಕೆಯಿಂದ ಪತ್ರೊಡೆಗೆ ಹೊರಳುತ್ತದೆ. ಆದಿತ್ಯವಾರ ಬೆಳಿಗ್ಗೆ ಪತ್ರಿಕೆಗಳನ್ನು ಜೋಡಿಸಿಡುವ ಕೆಲಸ ನನ್ನದಾದ್ದರಿಂದ ಇದನ್ನು ಕಿವಿಯಾರೆ ಕೇಳಿ ಬರೆಯುತ್ತಿದ್ದೇನೆ. ಕೊಡೆಯನ್ನು ಮೂಲೆಗೆ ಆನಿಸಿ ಒಳಬಂದವರು ಮೊದಲು ಊರಿನ ಮಳೆಯ ಸುದ್ದಿ ಓದುತ್ತಾರೆ. ಆಮೇಲೆ ‘ಕಲ್ಯಾಣದ ಮಾರ್ಕೆಟ್ಟಿಗೆ ತಜಂಕು ಬಂದಿದೆಯಂತೆ’ ಎಂದು ಒಬ್ಬರು, ‘ಕಣಿಲೆ ಸಿಕ್ಕೀತೆ?’ ಎಂದು ಇನ್ನೊಬ್ಬರು. ಈ ಸಲ ಇಬ್ಬರು ಮೂವರು ತರುಣ ಗೃಹಿಣಿಯರು ಬೇರೆಯೇ ಒಂದು ಪ್ರಶ್ನೆ ಕೇಳಿದರು: ‘ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದೆವು, ಎಲ್ಲರಿಗೂ ಗಂಟಲು ತುರಿಸಿತು. ಏಕೆ?’ ಅದಕ್ಕೆ ಉತ್ತರ ಬರೆಯಬೇಕೆಂದು ಕಾರ್ಯದರ್ಶಿಗಳು ನನಗೆ ಹೇಳಿದರು. ನಾನು ಪಾಕಶಾಸ್ತ್ರ ಬಲ್ಲವನಲ್ಲ. ಭಿವಂಡಿಯ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ನೂಲಿನ ಲೆಕ್ಕ ಬರೆಯುವ ಗುಮಾಸ್ತ. ಓದಿದ್ದು ಹತ್ತನೆಯ ತರಗತಿ. ಆದರೆ ಗಂಟಲು ತುರಿಸಿಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ ಬರೆಯುವ ಅಧಿಕಾರ ಸ್ವಲ್ಪ ಇದೆಯೆಂದು ತಿಳಿದಿದ್ದೇನೆ.

ಘಟ್ಟದ ಮೇಲಿನ ವಾಚಕರಿಗಾಗಿ ಒಂದೆರಡು ಮಾತು. ಆಟಿ ಎಂಬುದು ತುಳುವರ ತಿಂಗಳ ಹೆಸರು. ಸೂರ್ಯನು ಕರ್ಕಾಟಕ ರಾಶಿಯಲ್ಲಿರುವ ಕಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಂದು ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರದೊಳಗೆ ಸುರಿದುಬಿಡುತ್ತದೆ. ಆಟಿಯ ಹೊತ್ತಿಗೆ ಏಣೆಲು ಬೆಳೆಯ ನಾಟಿ ಮುಗಿದಿರುತ್ತದೆ, ಕೊಯ್ಲು ದೂರ. ಹೋದ ವರ್ಷದ ಅಕ್ಕಿಯ ಮುಡಿ ಬರಿದಾಗಿರುತ್ತದೆ. ಕೂಲಿ ಸಿಕ್ಕದು. ಕಡಲಿಗೆ ಇಳಿಯುವಂತಿಲ್ಲ, ಈಗಲೂ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. 1974ರ ಭೂಸುಧಾರಣೆಗೆ ಮೊದಲು ಗೇಣಿ ಅಳೆದುಕೊಟ್ಟ ಮೇಲೆ ಮನೆಯಲ್ಲಿ ಉಳಿದದ್ದು ಆಟಿಯ ಅಮಾವಾಸ್ಯೆಯವರೆಗೂ ಬಾರದೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಈ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿಯನ್ನು ತವರಿಗೆ ಕರೆದೊಯ್ಯುತ್ತಾರೆ. ಊರಿನ ಮಾರಿಯನ್ನು ಕಳೆಯಲು ಆಟಿ ಕಳಂಜ ಮನೆಮನೆಗೆ ಬಂದು ಕುಣಿದು, ಕೊಟ್ಟದ್ದನ್ನು ಪಡೆದು ಹೋಗುತ್ತಾನೆ.

ಎಂದಮೇಲೆ ಆಟಿಯ ಅಡಿಗೆ ಹಬ್ಬದ ಅಡಿಗೆಯಲ್ಲ, ಇಲ್ಲದ ಕಾಲದ ಅಡಿಗೆ. ನಮ್ಮ ಮುಂಬಯಿಯ ಸಂಘಗಳಲ್ಲಿ ‘ಆಟಿಡೊಂಜಿ ದಿನ’ ಎಂದು ಕಾರ್ಯಕ್ರಮ ನಡೆಸಿ ಒಂದೇ ಮೇಜಿನ ಮೇಲೆ ಇಪ್ಪತ್ತು ಮೂವತ್ತು ಬಗೆ ಇಡುತ್ತಾರೆ. ನಾನೂ ಹೋಗಿ ಹೊಟ್ಟೆತುಂಬ ಉಂಡು ಬಂದವನೇ. ಆದರೆ ಅಜ್ಜಿ ಅದನ್ನು ಕಂಡಿದ್ದರೆ ನಗುತ್ತಿದ್ದಳೋ ಏನೋ. ಅವಳ ಕಾಲದಲ್ಲಿ ದಿನಕ್ಕೆ ಒಂದು ಬಗೆ, ಅದೂ ಗಂಜಿಯನ್ನು ಇಳಿಸಲಿಕ್ಕೆ.

ಇದರಲ್ಲಿ ಎರಡು ಪಂಗಡ. ಬೇಸಗೆಯಲ್ಲೇ ಕಟ್ಟಿಟ್ಟದ್ದು ಒಂದು, ಮಳೆ ಬಿದ್ದಮೇಲೆ ತಾನಾಗಿ ಮೊಳೆತದ್ದು ಇನ್ನೊಂದು. ಕಟ್ಟಿಟ್ಟದ್ದರಲ್ಲಿ ಹಲಸಿನದೇ ದೊಡ್ಡ ಪಾಲು. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಹಪ್ಪಳ. ಬೀಜವನ್ನು ಉಪ್ಪು ಹಾಕಿ ಬೇಯಿಸಿ ಕಲ್ಲಿನಂತೆ ಒಣಗಿಸಿದರೆ ಸಾಂತಾಣಿ. ಮಳೆಯ ಸಂಜೆ ಒಂದನ್ನು ಬಾಯಲ್ಲಿಟ್ಟರೆ ಶಾಲೆಯಿಂದ ಮನೆಯವರೆಗಿನ ದಾರಿ ಸಾಗುತ್ತಿತ್ತು. ಹಸಿ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಕತ್ತಲೆಯ ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು. ಎಲ್ಲಕ್ಕೂ ಮಿಗಿಲಾದದ್ದು ಉಪ್ಪುಸೊಳೆ. ಬಲಿತು ಇನ್ನೂ ಹಣ್ಣಾಗದ ಹಲಸಿನ ಸೊಳೆಯನ್ನು ಕಲ್ಲುಪ್ಪಿನೊಡನೆ ಭರಣಿಗೆ ತುಂಬಿ ಮೇಲೆ ಭಾರ ಹೇರುತ್ತಾರೆ. ನೀರು ಹಾಕಬೇಕಾಗಿಲ್ಲ, ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಆ ಉಪ್ಪುನೀರಿನಲ್ಲೇ ಸೊಳೆ ಮುಳುಗಿ ಕೂರುತ್ತದೆ. ಅಷ್ಟು ಉಪ್ಪಿನಲ್ಲಿ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಆಟಿಯಲ್ಲಿ ಬೇಕಾದಷ್ಟು ತೆಗೆದು ಒಂದು ರಾತ್ರಿ ನೀರಿನಲ್ಲಿಟ್ಟು, ಎರಡು ಸಲ ನೀರು ಬದಲಿಸಿ, ಹಿಂಡಿ, ಮೆಣಸು ತೆಂಗಿನಕಾಯಿ ಹಾಕಿ ಪಲ್ಯ ಮಾಡಬಹುದು. ಅಕ್ಕಿಯೊಡನೆ ರುಬ್ಬಿ ಬಾಳೆಲೆಯ ಮೇಲೆ ತಟ್ಟಿ ರೊಟ್ಟಿ ಮಾಡಬಹುದು.

ಅಮ್ಮ ಕಾರ್ಕಳದ ಕಡೆಯಿಂದ ಇಲ್ಲಿಗೆ ಬರುವಾಗಲೆಲ್ಲ ಮತ್ಸ್ಯಗಂಧ ರೈಲಿನಲ್ಲಿ ಒಂದು ಭರಣಿ ಉಪ್ಪುಸೊಳೆ ತರುತ್ತಿದ್ದಳು. (1998ರಲ್ಲಿ ಕೊಂಕಣ ರೈಲು ಪೂರ್ಣವಾಗಿರದಿದ್ದರೆ ಘಟ್ಟ ಹತ್ತುವ ಬಸ್ಸಿನಲ್ಲಿ ಈ ಸಾಹಸ ಸಾಧ್ಯವಿತ್ತೆಂದು ನನಗೆ ತೋರುವುದಿಲ್ಲ.) ಒಮ್ಮೆ ಬಾಯಿಗೆ ಕಟ್ಟಿದ ಬಟ್ಟೆ ಸಡಿಲವಾಗಿ ಉಪ್ಪುನೀರು ಸೀಟಿನಡಿ ಹರಿದು, ಎದುರಿನ ಸಜ್ಜನರ ಚಪ್ಪಲಿಗಳನ್ನು ನೆನೆಸಿತು. ಠಾಣೆಯಲ್ಲಿ ನಾನು ಹೋಗಿ ಇಳಿಸಿಕೊಂಡಾಗ ಅಮ್ಮ ಆ ಸಜ್ಜನರಿಗೆ ರೊಟ್ಟಿ ಮಾಡುವ ಕ್ರಮವನ್ನು ವಿವರಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ತಗಲಿತು. ಮಾತು ಉಳಿಯಿತು, ಬಲಗೈ ಉಳಿಯಲಿಲ್ಲ. ಊರಿನ ಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆತಂದೆವು. ಆ ವರ್ಷದ ಮಳೆಗಾಲದಲ್ಲಿ ಅವಳಿಗೆ ಸಂತೋಷವಾಗಲೆಂದು, ಅವಳನ್ನು ಕೇಳದೆ, ನಾನು ಎಲೆ ತಂದು ಪತ್ರೊಡೆ ಮಾಡಹೊರಟೆ. ನನ್ನ ಮನೆಯಾಕೆಯ ತವರು ಹಾವೇರಿಯ ಕಡೆ. ಜೋಳದ ರೊಟ್ಟಿಯಲ್ಲಿ ಅವಳನ್ನು ಮೀರಿಸುವವರಿಲ್ಲ, ಕೆಸುವಿನ ಎಲೆಯನ್ನು ಅವಳು ಕಂಡದ್ದೇ ಇಲ್ಲಿ. ಇಬ್ಬರೂ ಸೇರಿ ರುಬ್ಬಿ, ಬಳಿದು, ಇಪ್ಪತ್ತು ನಿಮಿಷ ಬೇಯಿಸಿದೆವು. ಮೊದಲ ತುತ್ತಿಗೇ ಸೂಜಿ ಚುಚ್ಚಿದಂತಾಯಿತು. ಮಗಳು ಅತ್ತಳು. ಅಮ್ಮ ಮಾತ್ರ ಏನೂ ಹೇಳದೆ ಅವಳ ಪಾಲನ್ನು ಮುಗಿಸಿದಳು. ರಾತ್ರಿಯೆಲ್ಲ ಕೆಮ್ಮುತ್ತಿದ್ದುದು ಕೇಳಿಸಿತು.

ಸೂಜಿ ಚುಚ್ಚಿದಂತೆ ಎಂದೆನಲ್ಲ, ಅದು ಬರಿಯ ಹೋಲಿಕೆಯಲ್ಲ. ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣವು ಕಣ್ಣಿಗೆ ಕಾಣದ ಸಣ್ಣ ಸೂಜಿಗಳ ಕಟ್ಟಿನಂತೆ ಇರುತ್ತದೆ. ಎಲೆ ಹಸಿಯಾಗಿದ್ದರೆ, ಅರೆಬೆಂದಿದ್ದರೆ, ಅವು ನಾಲಗೆ ಗಂಟಲುಗಳಿಗೆ ನಾಟುತ್ತವೆ. ಚೆನ್ನಾಗಿ ಬೇಯಿಸಿದರೆ ಕಾಟ ತಗ್ಗುತ್ತದೆ. ಹುಳಿ ಸೇರಿದರೆ ಇನ್ನೂ ತಗ್ಗುತ್ತದೆ ಎಂಬುದು ತಲೆಮಾರುಗಳ ಅನುಭವ. ಆದ್ದರಿಂದಲೇ ಕೆಸುವಿನ ಅಡಿಗೆ ಎಲ್ಲಿದ್ದರೂ ಅಲ್ಲಿ ಹುಣಸೆಯೋ ಮತ್ತೊಂದು ಹುಳಿಯೋ ಇರುತ್ತದೆ. ಮಹಾರಾಷ್ಟ್ರದವರು ಅಳುವಡಿಗೆ ಕಡಲೆಹಿಟ್ಟು ಬಳಸುತ್ತಾರೆ, ಗುಜರಾತಿಗಳು ಪಾತ್ರಾ ಎನ್ನುತ್ತಾರೆ. ಹಿಟ್ಟು ಬೇರೆ, ಹೆಸರು ಬೇರೆ, ಹುಳಿ ಮಾತ್ರ ಬಿಟ್ಟಿಲ್ಲ.

ನನ್ನ ಮೊದಲ ತಪ್ಪು ಮಾರ್ಕೆಟ್ಟಿನಲ್ಲೇ ಆಗಿತ್ತು. ಇಲ್ಲಿ ಎರಡು ಬಗೆಯ ಅಳು ಸಿಗುತ್ತದೆ. ತಿಳಿಹಸಿರು ದಂಟಿನದು ಪಲ್ಯ ಸಾರುಗಳಿಗೆ. ಕಪ್ಪುಛಾಯೆಯ ದಂಟಿನ ದಪ್ಪ ಎಲೆ ವಡಿಗೆ. ‘ವಡೀಚೆ ಅಳೂ’ ಎಂದೇ ಕೇಳಬೇಕು. ಊರಿನಲ್ಲಿ ಮರದ ಕೊಂಬೆಗಳ ಮೇಲೆ ಮಳೆಗಾಲದಲ್ಲಿ ಹುಟ್ಟುವ ಮರಕೆಸು ಎಲ್ಲಕ್ಕಿಂತ ಶ್ರೇಷ್ಠ. ಅದರ ಆಸೆಯನ್ನು ಇಲ್ಲಿ ಬಿಡುವುದೇ ಲೇಸು.

ಮಾರನೆಯ ವಾರ ಅಮ್ಮನನ್ನು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಮನೆಯಾಕೆ ಕೇಳಿದಳು: ‘ಅತ್ತಿ, ಹುಣಸಿಹಣ್ಣ ಎಷ್ಟ ಹಾಕ್ಲಿ?’ ಅಮ್ಮ ಎಂದಳು: ‘ಅದು ಕೈಗೆ ಗೊತ್ತಾಗ್ತದೆ.’ ನಾನು ಡಬ್ಬಿಯನ್ನು ಅವಳ ಎಡಗೈ ಕಡೆಗೆ ಒಡ್ಡಿದೆ. ಒಂದು ಹಿಡಿ ತೆಗೆದಳು, ನೋಡಿದಳು, ಹಾಗೇ ಬಿಟ್ಟುಬಿಟ್ಟಳು. ‘ಇದಕ್ಕೆ ಗೊತ್ತಿಲ್ಲ, ಮಗಾ’ ಎಂದಳು.

ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ನನಗೆ ಗಿರಣಿಯ ಬುದ್ಧಿ ಹೊಳೆಯಿತು. ಅಂಗಡಿಯಿಂದ ಸಣ್ಣ ತಕ್ಕಡಿ ತಂದೆ. ತಟ್ಟೆಯಲ್ಲಿ ಹುಣಸೆಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಇಡುತ್ತಾ ಹೋದೆ. ಅಮ್ಮ ‘ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಸಾಕು’ ಎನ್ನುತ್ತಾ ಹೋದಳು. ‘ಸಾಕು’ ಎಂದಲ್ಲಿಗೆ ತೂಗಿ ಬರೆದುಕೊಂಡೆ. ಕೈ ಮರೆತದ್ದು ಕಣ್ಣಿಗೆ ನೆನಪಿತ್ತು. ಹಾಗೆ ಬರೆದುಕೊಂಡ ಲೆಕ್ಕ ಇದು: ಬೆಳ್ತಿಗೆ ಅಕ್ಕಿ ಅರ್ಧ ಕಿಲೋ, ಮೂರು ಗಂಟೆ ನೆನೆಸಿದ್ದು, ಅರ್ಧ ತೆಂಗಿನಕಾಯಿ, ಒಣಮೆಣಸು 14, ಕೊತ್ತಂಬರಿ ಬೀಜ ಎರಡು ಚಮಚ, ಜೀರಿಗೆ ಒಂದು, ಹುಣಸೆಹಣ್ಣು 48 ಗ್ರಾಂ, ಬೆಲ್ಲ 60 ಗ್ರಾಂ, ಉಪ್ಪು, ಅರಸಿನ, ಇಂಗು. ನಾವು ಹೋದ ಸಲ ಹಾಕಿದ್ದ ಹುಣಸೆ ಒಂದು ನೆಲ್ಲಿಕಾಯಿಯಷ್ಟು.

ಎಲ್ಲವನ್ನೂ ತರಿತರಿಯಾಗಿ, ಗಟ್ಟಿಯಾಗಿ ರುಬ್ಬಬೇಕು. ಹಿಟ್ಟು ಎಲೆಯಿಂದ ಜಾರಬಾರದು. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಎಲೆಯ ದಂಟು ತೆಗೆದು, ಬೆನ್ನಿನ ದಪ್ಪ ನರಗಳನ್ನು ಚೂರಿಯಿಂದ ಹೆರೆಯಬೇಕು. ಹಿಟ್ಟು ಬಳಿಯುವುದು ಎಲೆಯ ಬೆನ್ನಿಗೆ. ದೊಡ್ಡ ಎಲೆ ಕೆಳಗೆ, ಅದರ ಮೇಲೆ ಸಣ್ಣದು, ತುದಿ ಒಮ್ಮೆ ಈಚೆ ಒಮ್ಮೆ ಆಚೆ. ಹೀಗೆ ಐದಾರು ಎಲೆ ಸೇರಿಸಿ, ಬದಿ ಮಡಚಿ, ಬಿಗಿಯಾಗಿ ಸುತ್ತಿ ದಾರ ಕಟ್ಟಬೇಕು. ಇಡ್ಲಿಯ ತೊಂದೂರಿನಲ್ಲಿ ಒಂದು ಗಂಟೆ ಬೇಯಬೇಕು. ಇಪ್ಪತ್ತು ನಿಮಿಷವಲ್ಲ! ಆರಿದ ಮೇಲೆ ಕೊಯ್ದು, ಮಾರನೆಯ ದಿನ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಕಾಯಿಸಿದರೆ ಅದರ ರುಚಿಯೇ ಬೇರೆ. ಆ ದಿನ ಮಗಳು ಮೊದಲು ಒಂದು ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ ಪರೀಕ್ಷಿಸಿದಳು. ಮತ್ತೆ ನಾಲ್ಕು ತಿಂದಳು.

ಕಣಿಲೆ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ಇದು ಬಿದಿರಿನ ಎಳೆಯ ಮೊಳಕೆ. ಕಳಲೆ ಎಂದರೆ ಮಲೆನಾಡಿನವರಿಗೆ ತಿಳಿಯುತ್ತದೆ, ಕೊಂಕಣಿಗರು ಕೀರ್ಲು ಎನ್ನುತ್ತಾರೆ. ಹಸಿ ಮೊಳಕೆಯಲ್ಲಿ ಸಯನೈಡ್ ವಿಷವನ್ನು ಬಿಡುವ ಒಂದು ವಸ್ತುವಿದೆ. ಸಣ್ಣಗೆ ಹೆಚ್ಚಿ ನೀರಿನಲ್ಲಿಟ್ಟಾಗ ಅದು ಒಡೆದು ಹೊರಹೋಗುತ್ತದೆ, ಕುದಿಸಿದಾಗ ಉಳಿದದ್ದೂ ಹೋಗುತ್ತದೆ. ನಮ್ಮ ಹಿರಿಯರಿಗೆ ಆ ವಸ್ತುವಿನ ಹೆಸರು ಗೊತ್ತಿರಲಿಲ್ಲ. ಆದರೆ ಮೂರು ದಿನ ನೆನೆಸಬೇಕು, ದಿನವೂ ನೀರು ಚೆಲ್ಲಬೇಕು, ಬೇಯಿಸಿದ ಮೊದಲ ನೀರನ್ನೂ ಚೆಲ್ಲಬೇಕು ಎಂಬುದು ಗೊತ್ತಿತ್ತು. ಗಿರಣಿಯಿಂದ ಬಂದ ಆಯಾಸದಲ್ಲಿ ‘ಇವತ್ತೇ ಮಾಡಿಬಿಡೋಣ’ ಎನ್ನುವವರು ಕಣಿಲೆಯ ಗೊಡವೆಗೆ ಹೋಗದಿರುವುದು ಒಳ್ಳೆಯದು. ನೆನೆಸಿದ್ದನ್ನು ಹೆಸರುಕಾಳಿನೊಡನೆ ಗಸಿ ಮಾಡಿದರೆ ಬಹಳ ಸೊಗಸು.

ತಜಂಕು ನಿರುಪದ್ರವಿ. ಕನ್ನಡದಲ್ಲಿ ಚಗಟೆ, ಮರಾಠಿಯಲ್ಲಿ ಟಾಕಳಾ. ಮೊದಲ ಮಳೆಗೆ ರಸ್ತೆಯ ಬದಿಯಲ್ಲೆಲ್ಲ ಏಳುತ್ತದೆ. ಮುರಬಾಡ, ಶಹಾಪುರ ಕಡೆಯ ಆದಿವಾಸಿ ಹೆಂಗಸರು ಕಲ್ಯಾಣ ಸ್ಟೇಶನ್ನಿನ ಹೊರಗೆ ಕಟ್ಟು ಕಟ್ಟಿ ಮಾರುತ್ತಾರೆ. ಅವರೊಡನೆ ಚೌಕಾಶಿ ಮಾಡಬೇಡಿರೆಂದು ನನ್ನ ವಿನಂತಿ. ಅವರೂ ಇದನ್ನು ನಮ್ಮ ಅಜ್ಜಿಯರಂತೆಯೇ ಆಯ್ದು ತಂದವರು. ಎಳೆಯ ಕುಡಿಯನ್ನು ಮಾತ್ರ ತೆಗೆದುಕೊಂಡು ಹಲಸಿನ ಬೀಜದೊಡನೆ ಪಲ್ಯ ಮಾಡಿರಿ. ಬಲಿತ ಎಲೆ ನಾರುತ್ತದೆ.

ಆಟಿ ಅಮಾವಾಸ್ಯೆಯ ಕಷಾಯವನ್ನು ಕುರಿತು ಕೆಲವರು ಕೇಳಿದ್ದಾರೆ. ಬೆಳಗಾಗುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕರಿಮೆಣಸು ಬೆಳ್ಳುಳ್ಳಿ ಓಮ ಸೇರಿಸಿ ಕುಡಿಯುವುದು, ಮೇಲೆ ಮೆಂತ್ಯದ ಗಂಜಿ ಉಣ್ಣುವುದು ಪದ್ಧತಿ. ಸಪ್ತಪರ್ಣಿ ಎಂಬ ಹೆಸರಿನಿಂದ ಈ ಮರ ಮುಂಬಯಿಯ ರಸ್ತೆಗಳಲ್ಲಿಯೂ ಇದೆ. ಆದರೆ ಕತ್ತಲಲ್ಲಿ ಹಾಲೆಯೆಂದು ತಿಳಿದು ಬೇರೆ ಮರದ ತೊಗಟೆ ತಂದು ವಿಷವೇರಿದ ಪ್ರಸಂಗಗಳು ಊರಿನಲ್ಲೇ ನಡೆದಿವೆ. ಕಾಸರ್ಕನ ಮರ ಅಂಥದು. ಮರವನ್ನು ಹಗಲಿನಲ್ಲಿ ಗುರುತಿಸಿಡಬಲ್ಲ ಹಿರಿಯರು ಜೊತೆಗಿಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿರಿ. ನಮ್ಮ ಮನೆಯಲ್ಲಿ ಮೆಂತ್ಯದ ಗಂಜಿಯೊಂದನ್ನೇ ಇಟ್ಟುಕೊಂಡಿದ್ದೇವೆ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಈಗ ಹನ್ನೊಂದು ಪುಟ ತುಂಬಿದೆ. ಅದರಂತೆಯೇ ಒಂದು ಖಾಲಿ ಪುಸ್ತಕವನ್ನು ವಾಚನಾಲಯದ ಮೇಜಿನ ಎಡಗಡೆಯ ಖಾನೆಯಲ್ಲಿ ಇಟ್ಟಿದ್ದೇನೆ, ಪೆನ್ನನ್ನು ದಾರದಿಂದ ಕಟ್ಟಿದೆ. ಮನೆಯ ಹಿರಿಯರ ‘ಸಾಕು’ ಎಷ್ಟು ಗ್ರಾಂ ಎಂದು ತೂಗಿದವರು ಅದರಲ್ಲಿ ಬರೆಯಬಹುದು. ತಕ್ಕಡಿ ಬೇಕಾದವರು ನನ್ನಿಂದ ಒಯ್ಯಬಹುದು; ಆದಿತ್ಯವಾರದೊಳಗೆ ಹಿಂದಿರುಗಿಸಿದರಾಯಿತು.

ಉಪ್ಪುಸೊಳೆಯ ಭರಣಿ ಹೋದ ವರ್ಷ ಬರಿದಾಯಿತು. ಊರಿನಿಂದ ತರುವವರಿಲ್ಲ. ಬರುವ ಏಪ್ರಿಲಿನಲ್ಲಿ ವಾಶಿಯ ಮಾರ್ಕೆಟ್ಟಿನಿಂದ ಹಲಸು ತಂದು ನಾವೇ ಉಪ್ಪಿಗೆ ಹಾಕುವುದೆಂದು ತೀರ್ಮಾನವಾಗಿದೆ. ಐದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು ಎಂದು ಅಮ್ಮ ಹೇಳಿದ್ದಾಳೆ. ಹಲಸು ಕೊಯ್ಯುವ ದಿನ ಅವಳ ಕುರ್ಚಿಯನ್ನು ಬಾಲ್ಕನಿಗೆ ಹಾಕಬೇಕಂತೆ. ಹೇರುವುದಕ್ಕೆ ಒಳ್ಳೆಯ ಕಲ್ಲೊಂದನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.